ಅಪ್ಪನ ಮೂರು ಕೋಟು ಮತ್ತು ಒಂದು ವಾಯಿದೆ

ವಕೀಲರ ಮನೆಯಲ್ಲಿ ಹುಟ್ಟಿದವರಿಗೆ ನಗುವಿಗೆ ಬರಗಾಲ ಇಲ್ಲ. ಜಗಳ ಮಾಡಿಕೊಂಡವರೆಲ್ಲ ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತಾರೆ, ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ನಮ್ಮದೇ ಕಾಫಿ ಕುಡಿದು ನಮಗೇ ಕಥೆ ಹೇಳಿ ಹೋಗುತ್ತಾರೆ. ನಾನು ಮೂಡುಬಿದಿರೆಗೆ ಮದುವೆಯಾಗಿ ಹೋಗಿ ಟೀಚರ್ ಆದೆ. ನನ್ನ ತಮ್ಮ ಬಿ.ಸಿ.ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ. ವಕೀಲಿಕೆ ಅಪ್ಪನ ಜೊತೆಗೇ ಮುಗಿಯಿತು, ಆದರೆ ಪ್ರಸಂಗಗಳು ಮುಗಿಯಲಿಲ್ಲ.

ಅಪ್ಪ ಹೋಗಿ ಎಂಟು ತಿಂಗಳಾಯಿತು. ಯಾರೋ ನೆನಪಿನ ಲೇಖನ ಬರೆದು ಕೊಡಿ ಅಂದರು. 'ಸರಳ, ಸಜ್ಜನ, ಮಿತಭಾಷಿ' ಎಂದು ಶುರು ಮಾಡಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕನ್ನಡಕ ತೆಗೆದು ಕೇಳಿದಳು, "ಒಳ್ಳೆಯದುಂಟು ಮಗಳೇ. ಇದು ಯಾರ ಬಗ್ಗೆ?"

ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅಪ್ಪನಿಗೆ ಎರಡು ಸಿದ್ಧಾಂತ. ಒಂದು, ರಾಜಿಯಾಗುವ ಕೇಸನ್ನು ಗೆಲ್ಲಲಿಕ್ಕೆ ಹೋಗಬಾರದು. ಇನ್ನೊಂದು, ತಪ್ಪು ಮಾಡಿದ್ದೇ ಆದರೂ ಮೊದಲ ದಿನವೇ ಒಪ್ಪಿಕೊಳ್ಳಬಾರದು, ವಾಯಿದೆ ಕೇಳಬೇಕು. ವಿಚಾರಣೆಯನ್ನು ಮುಂದಿನ ತಾರೀಕಿಗೆ ಹಾಕಿಸುವುದಕ್ಕೆ ನಮ್ಮ ಕಡೆ ವಾಯಿದೆ ಅನ್ನುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕೋರ್ಟುಗಳಲ್ಲಿ ಈ ಎರಡೇ ಸಿದ್ಧಾಂತ ಇಟ್ಟುಕೊಂಡು ಎಪ್ಪತ್ತೆಂಟು ವಯಸ್ಸಿನವರೆಗೆ ಓಡಾಡಿದರು. ಎಷ್ಟೋ ಅಣ್ಣತಮ್ಮಂದಿರನ್ನು ಒಂದು ಮಾಡಿದರು. ಅವರಿಂದ ರಾಜಿ ಮಾಡಿಸಲಿಕ್ಕೆ ಆಗದೆ ಉಳಿದ ವ್ಯಾಜ್ಯ ಒಂದೇ. ಅವರ ಸ್ವಂತ ಮಗಳು ಮತ್ತು ಮಗ ಎರಡು ವರ್ಷ ಮಾತು ಬಿಟ್ಟದ್ದು. ಮಗಳು ಅಂದರೆ ನಾನೇ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೋಳಿಬಜೆ ಕೋಟು

ಅಪ್ಪ ಓಡಾಡುತ್ತಿದ್ದದ್ದು ಬಸ್ಸಿನಲ್ಲಿ. ಬಸ್ಸಿನಲ್ಲಿ ಕರಿ ಕೋಟು ಹಾಕಿದರೆ ಬೆವರು, ಕೈಯಲ್ಲಿ ಹಿಡಿದರೆ ಪಕ್ಕದವರ ಮೀನಿನ ಚೀಲ ತಾಗುತ್ತದೆ. ಅದಕ್ಕೆ ಅವರು ಊರಿಗೊಂದು ಕೋಟು ಮಾಡಿಸಿದ್ದರು. ಬಂಟ್ವಾಳದ ಕೋಟು ಕೋರ್ಟಿನ ಹತ್ತಿರದ ಹೋಟೆಲಿನಲ್ಲಿ, ಬೆಳ್ತಂಗಡಿಯದ್ದು ಒಬ್ಬ ಟೈಲರನ ಅಂಗಡಿಯಲ್ಲಿ, ಮೂಡುಬಿದಿರೆಯದ್ದು ಕ್ಷೌರದಂಗಡಿಯಲ್ಲಿ. ಬೆಳಗ್ಗೆ ಅಲ್ಲಿ ಹೋಗಿ ತೊಡುವುದು, ಸಂಜೆ ಅಲ್ಲೇ ಮೊಳೆಗೆ ನೇತು ಹಾಕಿ ಬರುವುದು. ಮೂರೂ ಕೋಟುಗಳು ಮನೆಯ ಮುಖ ನೋಡಿದ್ದಿಲ್ಲ.

"ಮೂರು ಸಂಸಾರ ಇಟ್ಟವರೂ ಇಷ್ಟು ಓಡಾಡ್ಲಿಕ್ಕಿಲ್ಲ" ಅನ್ನುತ್ತಿದ್ದಳು ಅಮ್ಮ. ಮನೆಗೆ ಬಂದ ಪ್ರತಿ ಅಂಗಿಯ ಕಿಸೆ ತಡಕುವುದು ಅಮ್ಮನ ಅಭ್ಯಾಸ. ಮೂರು ಕೋಟಿನ ಒಂಬತ್ತು ಕಿಸೆ ಕೈಗೆ ಸಿಗದೆ ಹೋದದ್ದು ಅವಳ ದೊಡ್ಡ ಬೇಸರ.

ಹೋಟೆಲಿನ ಕೋಟು ಇದ್ದದ್ದು ಗೋಳಿಬಜೆ ಕರಿಯುವ ಬಾಣಲೆಯ ಹಿಂದಿನ ಗೋಡೆಯಲ್ಲಿ. ವರ್ಷಗಟ್ಟಲೆ ಹೊಗೆ ಕುಡಿದು ಆ ಕೋಟಿಗೆ ಗೋಳಿಬಜೆಯ ಪರಿಮಳ ಹತ್ತಿಬಿಟ್ಟಿತ್ತು. ಒಮ್ಮೆ ಹನ್ನೊಂದೂವರೆಯ ಹೊತ್ತಿಗೆ ಅಪ್ಪ ವಾದ ಮಾಡುತ್ತಾ ಪೀಠದ ಹತ್ತಿರ ಹೋದರು. ನ್ಯಾಯಾಧೀಶರು ಎರಡು ಸಲ ಗಾಳಿ ಎಳೆದುಕೊಂಡು ಕೇಳಿದರು, "ವಕೀಲರೇ, ಇನ್ನೆಷ್ಟು ಹೊತ್ತು?"

"ಅರ್ಧ ಗಂಟೆ ಸ್ವಾಮಿ."

"ಹಾಗಾದರೆ ಸ್ವಲ್ಪ ಹಿಂದೆ ನಿಂತು ವಾದ ಮಾಡಿ. ನೀವು ಹತ್ತಿರ ಬಂದರೆ ನನಗೆ ಕಾನೂನು ಮರೆತುಹೋಗುತ್ತದೆ."

ಅವತ್ತಿನಿಂದ ಅಪ್ಪನ ವಾದ ಇದ್ದ ದಿನವೆಲ್ಲ ಕೋರ್ಟಿನವರು ಹನ್ನೆರಡಕ್ಕೇ ಹೋಟೆಲಿಗೆ ನುಗ್ಗತೊಡಗಿದರು. ಅಪ್ಪನಿಗೆ ನಾಚಿಕೆಯಾಗಿ ಕೋಟನ್ನು ಬೇರೆ ಕಡೆ ಇಡುತ್ತೇನೆ ಅಂದಾಗ ಹೋಟೆಲಿನವರು ಕೈ ಮುಗಿದರಂತೆ. "ನೀವು ಬೇಕಾದರೆ ಹೋಗಿ ವಕೀಲರೇ. ಕೋಟು ಇಲ್ಲೇ ಇರಲಿ."

ಒಂದೇ ಸೀಟು

ಮಡಂತ್ಯಾರಿನ ಹತ್ತಿರದ ಅಣ್ಣತಮ್ಮಂದಿರು ಒಂದು ಬಾವಿಯ ರಾಟೆಗಾಗಿ ಹನ್ನೊಂದು ವರ್ಷ ಬೆಳ್ತಂಗಡಿ ಕೋರ್ಟು ಸುತ್ತಿದರು. ಬಾವಿಗೆ ತಕರಾರಿಲ್ಲ, ನೀರಿಗೂ ತಕರಾರಿಲ್ಲ. ರಾಟೆ ಯಾರ ಮನೆಯ ಕಡೆಗೆ ಮುಖ ಮಾಡಬೇಕು ಎನ್ನುವುದಕ್ಕೆ. ಅಣ್ಣನ ವಕೀಲರು ಅಪ್ಪ. ತಮ್ಮನ ವಕೀಲರು ಅಪ್ಪನ ಹಳೆಯ ದೋಸ್ತಿ.

ಅಣ್ಣ ಬೈಕಿನಲ್ಲಿ ಬರುವುದು, ತಮ್ಮ ಜೀಪಿನಲ್ಲಿ ಬರುವುದು. ವಕೀಲರಿಬ್ಬರೂ ಮಾತಾಡಿಕೊಂಡು ತಂತಮ್ಮ ಕಕ್ಷಿದಾರರಿಗೆ ಹೇಳಿದರು, "ಮಳೆಗಾಲ, ಎಂತದ್ದಕ್ಕೆ ಅಪಾಯ, ಎಂಟೂ ಹತ್ತರ ಬಸ್ಸಿಗೆ ಬನ್ನಿ." ಕಂಡಕ್ಟರ್‌ಗೂ ಒಂದು ಮಾತು ಹೇಳಿ ಇಟ್ಟಿದ್ದರು. ಮಡಂತ್ಯಾರಿನಲ್ಲಿ ಇಬ್ಬರೂ ಹತ್ತಿದ ಕೂಡಲೇ ಅವನು, "ಹಿಂದೆ ಹೋಗಿ, ಹಿಂದೆ ಹೋಗಿ, ಸೀಟು ಉಂಟು" ಎಂದು ದೂಡಿದ. ಇದ್ದದ್ದು ಇಬ್ಬರ ಒಂದೇ ಸೀಟು.

ಮೊದಲ ವಾಯಿದೆಗೆ ನಡುವೆ ಕೊಡೆ ಇಟ್ಟುಕೊಂಡು ಕೂತರು. ಎರಡನೆಯದಕ್ಕೆ ಕೊಡೆ ಕಾಲಡಿಗೆ ಹೋಯಿತು. ಮೂರನೆಯದಕ್ಕೆ ಅಣ್ಣನಿಗೆ ಜೋಂಪು ಹತ್ತಿ ತಲೆ ತಮ್ಮನ ಭುಜಕ್ಕೆ ಬಿತ್ತು. ಸರಿದು ಕೂತರೆ ಅಣ್ಣನ ಹಣೆ ಕಿಟಕಿಯ ಸರಳಿಗೆ ಬಡಿಯುತ್ತದೆ. ತಮ್ಮ ಬೆಳ್ತಂಗಡಿಯವರೆಗೂ ಅಲ್ಲಾಡದೆ ಕೂತ. ಇಳಿಯುವಾಗ ಅವನ ಕುತ್ತಿಗೆ ಒಂದು ಬದಿಗೆ ಹಿಡಿದುಕೊಂಡಿತ್ತು. ಹಾಗೆಯೇ ಕೋರ್ಟಿನಲ್ಲಿ ನಿಂತ.

"ಕುತ್ತಿಗೆಗೆ ಏನಾಯ್ತು?" ನ್ಯಾಯಾಧೀಶರು ಕೇಳಿದರು.

"ಅಣ್ಣನ ತಲೆ ಸ್ವಾಮಿ" ಅಂದ ತಮ್ಮ.

ಅದೇ ವಾರ ರಾಜಿಯಾಯಿತು. ಇಬ್ಬರೂ ಒಟ್ಟಿಗೆ ಒಂದು ಬಾಳೆಗೊನೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಬಂದವರು ಒಟ್ಟಿಗೇ ಅಪ್ಪನ ಮೇಲೆ ಬಿದ್ದರು. "ಇಷ್ಟು ಸುಲಭ ಇದ್ದರೆ ಹನ್ನೊಂದು ವರ್ಷ ನೀವು ಎಂತ ಮಾಡ್ತಿದ್ರಿ?"

"ಹನ್ನೊಂದು ವರ್ಷ ನೀವು ಬಸ್ಸಿನಲ್ಲಿ ಬರ್ಲಿಲ್ಲ ಮಾರಾಯ್ರೆ" ಅಂದರು ಅಪ್ಪ, ಬಾಳೆಗೊನೆಯನ್ನು ಒಳಗೆ ಕಳಿಸುತ್ತಾ.

ಎಮ್ಮೆಯ ಶೀಲ

ನಮ್ಮ ಕಡೆಯ ಹಳಬರಿಗೆ ಮನೆಯಲ್ಲಿ, ಗದ್ದೆಯಲ್ಲಿ, ಪೇಟೆಯಲ್ಲಿ ಎಲ್ಲ ಕಡೆ ತುಳು. ಕನ್ನಡ ಅಂದರೆ ಅವರು ಕೇಳಿದ್ದು ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ. ಮೂಡುಬಿದಿರೆಯ ಕೋರ್ಟಿಗೆ ಬಯಲುಸೀಮೆಯಿಂದ ಹೊಸ ನ್ಯಾಯಾಧೀಶರು ಬಂದಿದ್ದರು. ಅಪ್ಪನ ಕಕ್ಷಿದಾರ ಒಬ್ಬ ಅಜ್ಜ. ನೆರೆಯವನ ಎಮ್ಮೆ ಬೇಲಿ ಮುರಿದು ಬಸಳೆ ಚಪ್ಪರ ಹಾಳು ಮಾಡಿದೆ ಎನ್ನುವುದು ದೂರು.

"ನಡೆದದ್ದನ್ನು ಹೇಳಿ" ಅಂದರು ನ್ಯಾಯಾಧೀಶರು.

ಅಜ್ಜ ಶಾಲು ಸರಿಮಾಡಿಕೊಂಡು ಗಂಟಲು ಬಿಚ್ಚಿದರು. "ಏನೆಂದು ಬಿನ್ನವಿಸಲಿ ಪ್ರಭೂ! ಸೂರ್ಯೋದಯಕ್ಕೆ ಮುನ್ನವೇ ಈತನ ಎಮ್ಮೆಯು ನನ್ನ ಬೇಲಿಯನ್ನು ಭೇದಿಸಿ, ಬಸಳೆಯ ಚಪ್ಪರವನ್ನು ಧ್ವಂಸಗೈದಿತು!"

ನ್ಯಾಯಾಧೀಶರು ಅಪ್ಪನ ಕಡೆ ತಿರುಗಿದರು. "ಇವರು ಯಾಕೆ ಹೀಗೆ ಮಾತಾಡ್ತಾರೆ?"

"ಅವರಿಗೆ ಬರುವ ಕನ್ನಡ ಇಷ್ಟೇ ಸ್ವಾಮಿ. ಉಳಿದದ್ದೆಲ್ಲ ತುಳು."

ಅಷ್ಟರಲ್ಲಿ ಆ ಕಡೆ ನಿಂತಿದ್ದ ನೆರೆಯವನಿಗೂ ಮೈಯೇರಿತು. "ಎಲೈ ವೃದ್ಧನೇ! ನನ್ನ ಎಮ್ಮೆಯ ಶೀಲವನ್ನು ಶಂಕಿಸುವೆಯಾ? ಆ ಮುಂಜಾನೆ ಅದು ಹಟ್ಟಿಯಲ್ಲಿ ಕರುವಿಗೆ ಹಾಲೂಡಿಸುತ್ತಿತ್ತೆಂಬುದಕ್ಕೆ ಸಾಕ್ಷಾತ್ ನನ್ನ ಪತ್ನಿಯೇ ಸಾಕ್ಷಿ!"

"ನಿನ್ನ ಪತ್ನಿಯೇ? ಹಹ್ಹಹ್ಹಾ! ಅವಳಿನ್ನೂ ನಿದ್ರಾವಶಳಾಗಿದ್ದಳು!"

ಟೈಪಿಸ್ಟ್ ಬೆರಳು ನಿಲ್ಲಿಸಿ ಕೇಳುತ್ತಾ ಕೂತ. ಹೊರಗೆ ವರಾಂಡದಲ್ಲಿ ಇದ್ದವರೆಲ್ಲ ಬಾಗಿಲಿಗೆ ಬಂದರು. ಹದಿನೈದು ನಿಮಿಷವಾದರೂ ಯಾರೂ ಸೋಲುವ ಲಕ್ಷಣ ಇಲ್ಲ. ನ್ಯಾಯಾಧೀಶರು ಮೆಲ್ಲಗೆ ಅಪ್ಪನನ್ನು ಕೇಳಿದರು, "ವಕೀಲರೇ, ಇದು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ಬೆಳಗ್ಗೆ ಆರಕ್ಕೆ ಸ್ವಾಮಿ" ಅಂದರು ಅಪ್ಪ.

ಸದರಿ ಬೆಕ್ಕು

ಅಜ್ಜನಾದ ಮೇಲೆ ಅಪ್ಪ ಪೂರಾ ಕೆಟ್ಟುಹೋದರು. ತಮ್ಮನ ಮಗಳು ಅವರ ಕಾಯಂ ಕಕ್ಷಿದಾರಳು. ಗಾಜಿನ ಲೋಟ ಒಡೆದರೆ "ನೋಡಿದವರು ಯಾರು?" ಎಂದು ಆ ಹುಡುಗಿ ಆರನೇ ವಯಸ್ಸಿಗೇ ಕೇಳುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿ 'ನಮ್ಮ ಮನೆಯ ಬೆಕ್ಕು' ಎಂದು ಪ್ರಬಂಧ ಬರೆಯಲಿಕ್ಕೆ ಕೊಟ್ಟರು. ಅಜ್ಜ ಹೇಳಿದರು, ಮೊಮ್ಮಗಳು ಬರೆದಳು:

'ಸದರಿ ಬೆಕ್ಕು ಸುಮಾರು ಮೂರು ವರ್ಷಗಳಿಂದ ನಮ್ಮ ಅಡಿಗೆಮನೆಯ ಶಾಂತಿಯುತ ಸ್ವಾಧೀನದಲ್ಲಿರುತ್ತದೆ. ಸದರಿ ಬೆಕ್ಕಿನ ಚೆಕ್ಕುಬಂದಿ: ಪೂರ್ವಕ್ಕೆ ಮೀಸೆ, ಪಶ್ಚಿಮಕ್ಕೆ ಬಾಲ, ಉತ್ತರಕ್ಕೂ ದಕ್ಷಿಣಕ್ಕೂ ಎರಡೆರಡು ಕಾಲು. ಮೇಲೆ ಬರೆದ ಸಂಗತಿಗಳೆಲ್ಲ ನನ್ನ ತಿಳುವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯವಾಗಿರುತ್ತವೆ.'

ಹತ್ತಕ್ಕೆ ಒಂಬತ್ತು ಅಂಕ ಬಂತು. ಅಪ್ಪನಿಗೆ ಸಮಾಧಾನವಿಲ್ಲ. ಕೊಡೆ ಹಿಡಿದುಕೊಂಡು ಶಾಲೆಗೇ ಹೋದರು. "ಟೀಚರ್, ಒಂದು ಅಂಕ ಯಾವ ಕಾರಣಕ್ಕೆ ಕಡಿಮೆ?"

ಆ ಟೀಚರ್ ಬೆಳ್ತಂಗಡಿ ಹತ್ತಿರದ ಲಾಯಿಲದ ಹುಡುಗಿ. ಅವಳ ಮನೆಯವರ ಪಾಲುಪಟ್ಟಿ ಬರೆದುಕೊಟ್ಟದ್ದೂ ಅಪ್ಪನೇ. ನಗದೆ ಹೇಳಿದಳು, "ಸಾಕ್ಷಿಗಳ ಸಹಿ ಹಾಕಿಸಲಿಲ್ಲ ಅಜ್ಜಾ."

ಸುಖಾಗಮನ ಬಯಸುವವರು

ಈಗ ನಮ್ಮ ಕೇಸು. ತಮ್ಮ ಹೊಸ ಮನೆ ಕಟ್ಟಿದ. ಒಕ್ಕಲಿನ, ಅಂದರೆ ಗೃಹಪ್ರವೇಶದ, ಆಮಂತ್ರಣ ಪತ್ರಿಕೆ ಬಂತು. ನಮ್ಮ ಕಡೆ ಪತ್ರಿಕೆಯಲ್ಲಿ ದೇವರ ಹೆಸರನ್ನು ಯಾರೂ ಓದುವುದಿಲ್ಲ, ಮುಹೂರ್ತವನ್ನು ಆಮೇಲೆ ಓದುತ್ತಾರೆ. ಮೊದಲು ಕಣ್ಣು ಹೋಗುವುದು ಕೆಳಗಿನ 'ಸುಖಾಗಮನ ಬಯಸುವ' ಪಟ್ಟಿಗೆ. ಯಾರ ಹೆಸರು ಉಂಟು, ಯಾರದ್ದು ಯಾರ ನಂತರ ಉಂಟು ಎಂದು. ಅದರಲ್ಲಿ ತಮ್ಮನ ಹೆಂಡತಿಯ ದೊಡ್ಡಮ್ಮನ ಮಗ ಇದ್ದ, ದುಬೈಯಲ್ಲಿರುವವನು, ಒಕ್ಕಲಿಗೆ ಬರುವುದಿಲ್ಲವೆಂದು ಮೊದಲೇ ಹೇಳಿದವನು. ನಾನು ಇರಲಿಲ್ಲ. ನನ್ನ ಗಂಡನೂ ಇರಲಿಲ್ಲ. ಒಡಹುಟ್ಟಿದ ಅಕ್ಕ!

"ಹೆಸರು ಇಲ್ಲದಿದ್ದರೆ ಊಟ ಇಲ್ವಾ?" ಅಂದರು ನನ್ನ ಗಂಡ. ಅವರು ಹಾಗೆಯೇ.

ತಮ್ಮನಿಗೆ ಫೋನ್ ಮಾಡಿದೆ. "ತಿದ್ದಿ ಕಳಿಸಿದ್ದೆ ಅಕ್ಕಾ, ಪ್ರೆಸ್ಸಿನವರು ಹಾಕ್ಲಿಲ್ಲ" ಅಂದ. ಬೆಳ್ತಂಗಡಿಯ ಆ ಪ್ರೆಸ್ಸಿಗೇ ಫೋನ್ ಮಾಡಿ ಕೇಳಿದೆ. ತಿದ್ದಿದ ಕಾಗದ ಯಾವುದೂ ಬಂದಿಲ್ಲ ಎಂದು ಅವರು ಆಣೆ ಹಾಕಿದರು. ಸುಳ್ಳು ಬೇರೆ! ಒಕ್ಕಲಿಗೆ ಹೋದೆ, ಅಪ್ಪನ ಮುಖ ನೋಡಿ. ಊಟವನ್ನೂ ಮಾಡಿದೆ. ಪಾಯಸ ಮಾತ್ರ ಹಾಕಿಸಿಕೊಳ್ಳಲಿಲ್ಲ. ಪಾಯಸ ತಿಂದರೆ ಕ್ಷಮಿಸಿದ ಹಾಗೆ ಆಗುತ್ತದೆ.

ಆಮೇಲೆ ಎರಡು ವರ್ಷ ನಮ್ಮ ಮಾತೆಲ್ಲ ಆ ಬೆಕ್ಕಿನ ಪ್ರಬಂಧದವಳ ಮೂಲಕ. "ಅತ್ತೆ, ಕಾಫಿಗೆ ಸಕ್ಕರೆ ಬೇಕಾ ಅಂತ ಅಪ್ಪ ಕೇಳ್ತಿದ್ದಾರೆ." "ಬೇಡ ಅಂತ ಹೇಳು." ತಮ್ಮ ಎದುರಿನ ಕುರ್ಚಿಯಲ್ಲೇ ಇರುತ್ತಿದ್ದ.

ನಾನು ಹೋದಾಗಲೆಲ್ಲ ಅಪ್ಪ ಹತ್ತಿರ ಬಂದು ಕೂರುವರು. "ಮಗಳೇ, ಆ ಪತ್ರಿಕೆಯ ವಿಷಯ ಒಂದು ಹೇಳ್ಲಿಕ್ಕುಂಟು…"

"ಅಪ್ಪ, ಅವನ ಪರವಾಗಿ ನೀವು ವಕಾಲತ್ತು ಹಾಕುವುದು ಬೇಡ."

"ಹಾಗಲ್ಲ…" ಅನ್ನುವರು. ನನ್ನ ಮುಖ ನೋಡುವರು. "ಆಯ್ತು, ಇನ್ನೊಮ್ಮೆ ಹೇಳ್ತೇನೆ" ಎಂದು ಎದ್ದು ಹೋಗುವರು. ಮೂರು ಕೋರ್ಟಿನಲ್ಲಿ ಯಾರಿಗೂ ಹೆದರದ ಮನುಷ್ಯ ನನ್ನ ಎದುರು ಸುಮ್ಮನಾಗುವುದು ನೋಡಿ ನನಗೆ ಒಳಗೊಳಗೇ ಹೆಮ್ಮೆ.

ಬೆಳ್ತಂಗಡಿಯ ಕೋಟು

ಒಂದು ಮಧ್ಯಾಹ್ನ ಊಟ ಮಾಡಿ ಕೈ ತೊಳೆದು ಕುರ್ಚಿಯಲ್ಲಿ ಕೂತ ಅಪ್ಪ ಏಳಲಿಲ್ಲ. ನನಗೆ ಅಪ್ಪ ಅಂದರೆ ಪ್ರಾಣ. ಮೂಡುಬಿದಿರೆಯಿಂದ ಬಿ.ಸಿ.ರೋಡಿನವರೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅಪ್ಪನ ತಲೆಯ ಹತ್ತಿರ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ತಮ್ಮ ಕೂತು ಅತ್ತೆವು. ಆಗಲೂ ಬೇರೆ ಬೇರೆಯಾಗಿಯೇ ಅತ್ತೆವು. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಐದನೇ ದಿನ ಅಮ್ಮ ಹೇಳಿದಳು, "ಉತ್ತರಕ್ರಿಯೆಯ ಮೊದಲು ಆ ಮೂರು ಕೋಟು ಮನೆಗೆ ಬರ್ಬೇಕು. ಅವರ ಕೋಟು ಕಂಡವರ ಅಂಗಡಿಯಲ್ಲಿ ನೇತಾಡುವುದು ಬೇಡ."

ಬಂಟ್ವಾಳದ ಕೋಟನ್ನು ಹೋಟೆಲಿನವರೇ ತಂದು ಕೊಟ್ಟರು. ಅಮ್ಮ ಅದನ್ನು ಮುಖಕ್ಕೆ ಒತ್ತಿ ಹಿಡಿದು ತುಂಬ ಹೊತ್ತು ಅತ್ತಳು. ಕೊನೆಗೆ ಮೂಗು ಒರೆಸಿಕೊಂಡು, "ಹಸಿವಾಗ್ತದೆ ಮಗಳೇ" ಅಂದಳು. ಐದು ದಿನದಲ್ಲಿ ಅವಳು ಸರಿಯಾಗಿ ಊಟ ಮಾಡಿದ್ದು ಅವತ್ತೇ.

ಮೂಡುಬಿದಿರೆಯದ್ದನ್ನು ನನ್ನ ಗಂಡ ತಂದರು. ಬೆಳ್ತಂಗಡಿಗೆ ತಮ್ಮ ಹೋದ, ಬರಿಗೈಯಲ್ಲಿ ಬಂದ. ಅವನನ್ನು ಕೈಲಾಗದವನೆಂದು ಮನಸ್ಸಿನಲ್ಲೇ ಬೈದು ಮರುದಿನ ನಾನು ಹೋದೆ. ಟೈಲರ್ ಹೊಲಿಗೆ ನಿಲ್ಲಿಸಿ ಎದ್ದು ನಿಂತ. ಅವನ ಕಣ್ಣಲ್ಲೂ ನೀರು. ಆದರೆ ಕೋಟು ಕೊಡಲಿಲ್ಲ.

"ವಕೀಲರ ಮಾತು ಅಕ್ಕಾ. 'ನಾನು ಇಲ್ಲದಿದ್ದರೆ ಮಗ ಒಬ್ಬನೇ ಬಂದರೆ ಕೊಡ್ಬೇಡ, ಮಗಳು ಒಬ್ಬಳೇ ಬಂದರೂ ಕೊಡ್ಬೇಡ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಕೊಡು' ಅಂದಿದ್ದಾರೆ. ನಾನು ಕೊಟ್ಟರೆ ಅವರು ಸುಮ್ಮನೆ ಬಿಡ್ತಾರಾ?"

ಬೈಯುವವರೇ ಈಗ ಇಲ್ಲ ಎಂದು ಹೇಳಲಿಕ್ಕೆ ನನಗೂ ಬಾಯಿ ಬರಲಿಲ್ಲ.

ಮನೆಗೆ ಬಂದು ಹೇಳಿದೆ. ತಮ್ಮ ಕಾರಿನ ಕೀಲಿಕೈ ತೆಗೆದುಕೊಂಡ. ಅಮ್ಮ ಕಿತ್ತುಕೊಂಡಳು. "ಕಾರಿನಲ್ಲಿ ಅವನು ಎದುರು, ನೀನು ಹಿಂದೆ ಕೂತು ಕಿಟಕಿ ನೋಡ್ತೀರಿ. ಬಸ್ಸಿನಲ್ಲಿ ಹೋಗಿ."

ಹೋದೆವು. ಆ ಕಂಡಕ್ಟರ್‌ಗೆ ಅಮ್ಮ ಏನಾದರೂ ಹೇಳಿದ್ದಳೋ ಇಲ್ಲವೋ, ಅವನಂತೂ, "ಹಿಂದೆ ಹೋಗಿ, ಸೀಟು ಉಂಟು" ಅಂದ. ಇದ್ದದ್ದು ಒಂದೇ ಸೀಟು. ನಡುವೆ ನನ್ನ ಬ್ಯಾಗು ಇಟ್ಟೆ.

ಮಡಂತ್ಯಾರು ಬರುವಾಗ ತಮ್ಮ ಎದುರಿನ ಸೀಟಿನ ಬೆನ್ನು ನೋಡುತ್ತಾ ಹೇಳಿದ, "ಆ ಕಾಗದ ನಾನು ಅಪ್ಪನ ಕೈಯಲ್ಲೇ ಕೊಟ್ಟಿದ್ದೆ ಅಕ್ಕಾ, ಪ್ರೆಸ್ಸಿಗೆ ಕೊಡ್ಲಿಕ್ಕೆ. ಕೊಟ್ಟಿದ್ದೇನೆ ಅಂತ ಹೇಳಿದ್ರು."

ನನಗೆ ಮೈಯೆಲ್ಲ ಉರಿಯಿತು. "ಎರಡು ವರ್ಷ ಪ್ರೆಸ್ಸಿನವರ ಮೇಲೆ ಹಾಕಿದಿ. ಈಗ ಹೋದವರ ಮೇಲೆ ಹಾಕ್ತೀಯಾ?"

"ಆಗಲೇ ಹೇಳಿದ್ರೆ ನೀನು ಅಪ್ಪನ ಹತ್ತಿರ ಮಾತು ಬಿಡ್ತಿದ್ದಿ. ನನ್ನ ಹತ್ತಿರ ಬಿಟ್ಟರೆ ನಡೀತದೆ ಅಂತ ಸುಮ್ಮನಿದ್ದೆ."

ನಾನು ಕಿಟಕಿ ನೋಡಿದೆ. ಬೆಳ್ತಂಗಡಿಯವರೆಗೂ ಕಿಟಕಿಯನ್ನೇ ನೋಡಿದೆ.

ಟೈಲರ್ ನಮ್ಮಿಬ್ಬರನ್ನು ಕಂಡು ಒಳಗೆ ಹೋಗಿ ಕೋಟು ತಂದ. ಇಸ್ತ್ರಿ ಹಾಕಿ ಇಟ್ಟಿದ್ದ. ನಾನು ಅಮ್ಮನ ಮಗಳು. ಕೈ ತಾನಾಗಿಯೇ ಕಿಸೆಗೆ ಹೋಯಿತು. ಒಳಕಿಸೆಯಲ್ಲಿ ಮಡಚಿದ ಕಾಗದ. ಬಿಡಿಸಿದರೆ ಒಕ್ಕಲಿನ ಪತ್ರಿಕೆಯ ಕರಡು. 'ಸುಖಾಗಮನ ಬಯಸುವ' ಪಟ್ಟಿಯಲ್ಲಿ, ಎಲ್ಲರಿಗಿಂತ ಮೇಲೆ, ತಮ್ಮನ ಅಕ್ಷರದಲ್ಲಿ ನನ್ನ ಹೆಸರು, ನನ್ನ ಗಂಡನ ಹೆಸರು. ಪಕ್ಕದಲ್ಲಿ 'ಅಕ್ಕ ಭಾವ ಮೊದಲು ಬರಬೇಕು' ಎಂದು ಎರಡು ಗೆರೆ ಎಳೆದಿದ್ದ.

ಪ್ರೆಸ್ಸಿಗೆ ಕೊಡಲಿಕ್ಕೆಂದು ತಂದ ಅಪ್ಪ ಟೈಲರನಲ್ಲಿಗೆ ಬಂದು ಕೋಟು ತೊಟ್ಟಿದ್ದಾರೆ, ಕಾಗದವನ್ನು ಕಿಸೆಗೆ ಹಾಕಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ, ಸಂಜೆ ಕೋಟನ್ನು ಮೊಳೆಗೆ ನೇತು ಹಾಕಿ ಬಸ್ಸು ಹತ್ತಿದ್ದಾರೆ. ಇಷ್ಟೇ ಆದದ್ದು.

ಕಾಗದದ ಹಿಂದೆ ಅಪ್ಪನ ಪೆನ್ಸಿಲ್ ಅಕ್ಷರ ಇತ್ತು, ಅವರ ಕೇಸಿನ ಡೈರಿಯ ಹಾಗೆ, ಒಂದರ ಕೆಳಗೆ ಒಂದು:

'ಕಾಗದ ಕಿಸೆಯಲ್ಲಿ ಸಿಕ್ಕಿತು. ಪತ್ರಿಕೆ ಹಂಚಿ ಆಗಿದೆ. ಇವತ್ತೇ ಹೇಳಬೇಕು. ಮಗಳು ಸಿಟ್ಟಿನಲ್ಲಿದ್ದಾಳೆ. ವಾಯಿದೆ.

ಒಕ್ಕಲು. ಮಗಳು ಪಾಯಸ ಬಿಟ್ಟಳು. ಹೆದರಿಕೆಯಾಯಿತು. ವಾಯಿದೆ.

ಮಗನ ಹತ್ತಿರ ಹೇಳುವ ಎಂದು ಹೋದೆ. ಊಟ ಮಾಡುತ್ತಿದ್ದ. ವಾಯಿದೆ.

ದೀಪಾವಳಿ. ಹಬ್ಬದ ದಿನ ಬೇಡ. ವಾಯಿದೆ.

ಮಗಳು ವಕಾಲತ್ತು ಬೇಡ ಎಂದಳು. ಆರೋಪಿ ನಾನೇ ಎಂದು ಹೇಳಲು ಅವಕಾಶ ಕೊಡಲಿಲ್ಲ. ವಾಯಿದೆ.'

ಹೀಗೆಯೇ ಪುಟ ತುಂಬ. ಕಟ್ಟಕಡೆಯ ಸಾಲು ಮಾತ್ರ ಬೇರೆ: 'ಇಬ್ಬರೂ ಒಟ್ಟಿಗೆ ಇರುವಾಗ ಹೇಳುವುದೆಂದು ನಿರ್ಧರಿಸಿದೆ. ತಪ್ಪು ಒಪ್ಪಿಕೊಂಡಿದ್ದೇನೆ.' ಕೆಳಗೆ ಸಹಿ.

ತಮ್ಮ ನನ್ನ ಭುಜದ ಮೇಲಿಂದ ಓದುತ್ತಿದ್ದ. ಯಾರು ಮೊದಲು ನಕ್ಕದ್ದೋ ಗೊತ್ತಿಲ್ಲ. ಟೈಲರನ ಸ್ಟೂಲಿನಲ್ಲಿ ಕೂತು ಕೋಟನ್ನು ನಡುವೆ ಹಿಡಿದುಕೊಂಡು ಅತ್ತುಕೊಂಡು ನಕ್ಕೆವು. ನನ್ನ ತಪ್ಪು ನಾನು ವಾಯಿದೆ ಕೇಳದೆ ಅಲ್ಲೇ ಒಪ್ಪಿಕೊಂಡೆ. ವಾಪಸು ಬರುವಾಗ ಬ್ಯಾಗು ಕಾಲಡಿಗೆ ಹೋಯಿತು.

ಉತ್ತರಕ್ರಿಯೆಯ ದಿನ ಅಪ್ಪನ ಹೆಸರಿನಲ್ಲಿ ಎಲೆ ಹಾಕಿದೆವು. ಅಮ್ಮ ಒಂದೊಂದೇ ಬಡಿಸಿದಳು, ಅವರಿಗೆ ಬೇಕುಬೇಕಾದ್ದನ್ನೆಲ್ಲ, ಎರಡು ಗೋಳಿಬಜೆಯನ್ನೂ. ಪಾಯಸದ ಸೌಟು ಮಾತ್ರ ಎಲೆಯ ಮೇಲೆ ಬಂದು ನಿಂತಿತು.

"ಮಕ್ಕಳನ್ನು ಎರಡು ವರ್ಷ ಮಾತು ಬಿಡಿಸಿದವರಿಗೆ ಪಾಯಸ ಇಲ್ಲ" ಅಂದಳು ಎಲೆಗೆ.

ನಾನು, ತಮ್ಮ ಇಬ್ಬರೂ ಒಟ್ಟಿಗೇ ಎದ್ದು ನಿಂತೆವು. ಅಪ್ಪನಿಗಾಗಿ ನಾವಿಬ್ಬರೂ ಒಂದೇ ಕಡೆ ನಿಂತದ್ದು ಅದೇ ಮೊದಲು. ನಮಗಿಂತ ಮೊದಲು ಮೊಮ್ಮಗಳು ಬಾಯಿ ತೆರೆದಳು. "ಅಜ್ಜೀ, ಅಜ್ಜ ಇವತ್ತು ಗೈರುಹಾಜರು. ವಾಯಿದೆ ಕೊಡಿ."

"ನಿನ್ನ ಅಜ್ಜನಿಗೆ ವಾಯಿದೆ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ" ಅಂದಳು ಅಮ್ಮ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಎಲೆ ತುಂಬಿ ಹರಿಯುವಷ್ಟು ಪಾಯಸ ಬಡಿಸಿದಳು.